ಎಲ್ಲೋ ನಡೆಯುವ ಯುದ್ಧಕ್ಕೆ ಬೆಂಗಳೂರಲ್ಲಿ ಬೋರ್ಡ್ ಹಿಡಿದು ನಿಂತರೆ ಯಾರಿಗೆ ಏನು ಸಿಗುತ್ತೆ?

ನೀಲಿಛತ್ರಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಯಬೇಡಿ.

ನಮ್ಮ ಮನೆ ಹೆಣ್ಣೂರು ಕಡೆ. ಮಹಡಿ ಮೇಲಿನ ರೂಮು ಬಾಡಿಗೆಗೆ ಕೊಟ್ಟಿದ್ದೇವೆ. ಎರಡು ವರ್ಷದಿಂದ ಸುಡಾನಿನ ಹುಡುಗಿ ಒಬ್ಬಳು ಇದ್ದಾಳೆ, ಫಾರ್ಮಸಿ ಓದುತ್ತಿದ್ದಾಳೆ. ಮೊದಮೊದಲು ಬಾಡಿಗೆ, ನೀರು, ಗೇಟಿನ ಬೀಗ, ಇಷ್ಟೇ ಮಾತು. ಒಂದು ದಿನ ಅಮ್ಮ ಮುದ್ದೆ, ಬಸ್ಸಾರು ಕೊಟ್ಟು ಕಳಿಸಿದರು. ಅವಳು ತಟ್ಟೆ ಹಿಡಿದುಕೊಂಡೇ ಕೆಳಗೆ ಓಡಿ ಬಂದಳು, "ಆಂಟೀ, ಇದು ನಮ್ಮ ಅಸೀದಾ!" ಅಂತ. ಅವರ ಕಡೆ ಜೋಳದ ಹಿಟ್ಟಿನಲ್ಲಿ ಹೀಗೇ ಮಾಡುತ್ತಾರಂತೆ, ಸುತ್ತ ಸಾರು ಹುಯ್ದು ಬೆರಳಲ್ಲಿ ಮುರಿದು ತಿನ್ನುತ್ತಾರಂತೆ. ಅವತ್ತಿನಿಂದ ಅಮ್ಮ ಅವಳನ್ನು ಬಾಡಿಗೆಯವಳು ಅಂತ ಕರೆಯೋದು ಬಿಟ್ಟರು.

ಅವಳ ದೊಡ್ಡಮ್ಮನ ಮನೆ ಎಲ್ ಫಾಶರ್‌ನಲ್ಲಿ. ಡಾರ್ಫರ್ ಪ್ರಾಂತ್ಯದ ಊರು. 2024ರ ಮೇ ತಿಂಗಳಿಂದ ಆರ್‌ಎಸ್‌ಎಫ್‌ನವರು, ಅಂದರೆ ಅಲ್ಲಿನ ಸೈನ್ಯದ ವಿರುದ್ಧ ಹೊಡೆದಾಡುತ್ತಿರುವ ಪಡೆ, ಅದಕ್ಕೆ ಮುತ್ತಿಗೆ ಹಾಕಿದ್ದರು. ಅಂಗಡಿ ಇಲ್ಲ, ಔಷಧಿ ಇಲ್ಲ. ಅಲ್ಲಿ ಜನ ಅಂಬಾಜ್ ತಿಂದು ಬದುಕುತ್ತಿದ್ದಾರೆ ಅಂತ ಒಂದು ದಿನ ಹೇಳಿದಳು. ಏನದು ಅಂದರೆ ಫೋನಿನಲ್ಲಿ ಫೋಟೋ ತೋರಿಸಿದಳು. ಅಮ್ಮ ಕನ್ನಡಕ ಹುಡುಕಿ ಹಾಕಿಕೊಂಡು ನೋಡಿ "ಅಯ್ಯೋ, ಇದು ಕಡ್ಲೆಕಾಯಿ ಹಿಂಡಿ ಕಣೇ" ಅಂದರು. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುತ್ತಲ್ಲ, ಅದೇ. ಮಾಗಡಿಯಲ್ಲಿ ನಮ್ಮಜ್ಜಿ ಹಸುವಿಗೆ ನೆನೆಸಿ ಇಡುತ್ತಿದ್ದದ್ದು. ನನಗೆ ಆ ವಾಸನೆ ಮೂಗಿಗೆ ಬಂದ ಹಾಗಾಯಿತು.

2025ರ ಅಕ್ಟೋಬರ್ 26ರಂದು ಆ ಊರು ಅವರ ಕೈಗೆ ಹೋಯಿತು. ಆಮೇಲೆ ದೊಡ್ಡಮ್ಮನ ಫೋನ್ ಇಲ್ಲ.

ಹೋದ ಭಾನುವಾರ ಅವಳ ಜೊತೆ ಫ್ರೀಡಂ ಪಾರ್ಕಿಗೆ ಹೋಗಿದ್ದೆ, ಜೀವನದಲ್ಲಿ ಮೊದಲ ಸಲ. ನಾವು ಹದಿನೇಳು ಜನ, ನಾನೇ ಎಣಿಸಿದೆ. ಪಕ್ಕದಲ್ಲಿ ಸಂಬಳದ ವಿಷಯಕ್ಕೆ ಇನ್ನೊಂದು ಧರಣಿ, ಅವರ ಮೈಕಿನ ಮುಂದೆ ನಮ್ಮದು ಕೇಳಿಸುತ್ತಲೇ ಇರಲಿಲ್ಲ. ಅಷ್ಟರಲ್ಲಿ ಮಳೆ. ಸ್ಕೆಚ್ ಪೆನ್ನಲ್ಲಿ ಬರೆದ ಬೋರ್ಡು ಕರಗಿ ಮೊಣಕೈ ತನಕ ನೀಲಿ ನೀರು ಇಳಿಯಿತು. ಒಬ್ಬರು ಬಂದು "ಯಾವ ಪಾರ್ಟಿ ಮೇಡಂ, ಎಷ್ಟು ಕೊಡ್ತಾರೆ?" ಅಂದರು. ಮನೆಗೆ ಬಂದರೆ ಚಿಕ್ಕಪ್ಪ, "ಮೊದಲು ಸುಡಾನ್ ಎಲ್ಲಿದೆ ಮ್ಯಾಪಲ್ಲಿ ತೋರಿಸು ನೋಡೋಣ" ಅಂದರು. ತೋರಿಸಿದೆ. ಆದರೆ ಆಮೇಲೆ ನಿದ್ದೆ ಬರಲಿಲ್ಲ. ನಿಜವಾಗಲೂ ಇದರಿಂದ ಏನಾದರೂ ಆಗುತ್ತಾ? ಇಲ್ಲಾ ನಮ್ಮ ಸಮಾಧಾನಕ್ಕಾ? ಇನ್ನೊಂದು, ಫ್ರೀಡಂ ಪಾರ್ಕ್ ಬಿಟ್ಟು ನಾಲ್ಕು ಜನ ಓಡಾಡುವ ಕಡೆ ನಿಲ್ಲೋಕೆ ಆಗಲ್ವಾ?

ಸಾಕಪ್ಪಾಸಾಕು:

ಬೇಜಾರು ಮಾಡ್ಕೋಬೇಡಿ, ನೇರವಾಗಿ ಹೇಳುತ್ತೇನೆ. ಏನೂ ಆಗಲ್ಲ. ಶೇಷಾದ್ರಿ ರಸ್ತೆಯಲ್ಲಿ ಹದಿನೇಳು ಜನ ನೆನೆದರೆ ಅಲ್ಲಿ ಯಾರೂ ಬಂದೂಕು ಕೆಳಗಿಡಲ್ಲ.

ನನ್ನ ಸಿಟ್ಟು ನಿಮ್ಮ ಮೇಲೆ ಅಲ್ಲ, ಇಡೀ ವ್ಯವಹಾರದ ಮೇಲೆ. ಗಾಜಾ ಅಂದರೆ ಒಂದು ಗುಂಪು ಬರುತ್ತೆ, ಬಾಂಗ್ಲಾ ಅಂದರೆ ಇನ್ನೊಂದು ಗುಂಪು ಬರುತ್ತೆ, ಉಕ್ರೇನ್ ಅಂದಾಗ ಒಂದು ತಿಂಗಳು ಎಲ್ಲರ ಡಿಪಿ ನೀಲಿ ಹಳದಿ. ಸತ್ತವರು ಯಾರ ಕಡೆಯವರು ಅಂತ ನೋಡಿಕೊಂಡೇ ಅಳೋದು. 2023ರ ಮೇನಲ್ಲಿ ಮಣಿಪುರ ಹೊತ್ತಿಕೊಂಡಿತು, ಅರವತ್ತು ಸಾವಿರದಷ್ಟು ಜನ ಮನೆ ಬಿಟ್ಟರು. ನಮ್ಮದೇ ದೇಶ. ಅದಕ್ಕೆ ಎಷ್ಟು ಸಲ ನಿಂತಿರಿ? ದೂರದವರಿಗೆ ಮರುಗೋದು ಸಲೀಸು, ಏಕೆಂದರೆ ಅವರು ನಾಳೆ ನಿಮ್ಮ ಪಕ್ಕದ ಸೈಟ್ ಕೇಳಲು ಬರಲ್ಲ.

ಗುರುವಾರದವಳು:

ಸಾಕಪ್ಪಾಸಾಕು ಅವರೇ, ನಿಮ್ಮ ಹೆಸರೇ ಉತ್ತರ ಹೇಳುತ್ತೆ ಬಿಡಿ. ಆದರೂ ಕೊನೆ ಸಾಲು ಸರಿ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ನೀಲಿಛತ್ರಿ, ನನಗೆ ಈಗ ಅರವತ್ತೆಂಟು. ತೊಂಬತ್ತರ ದಶಕದಲ್ಲಿ ಈ ಊರಲ್ಲಿ ಕಪ್ಪು ಸೀರೆ ಉಟ್ಟು ಸುಮ್ಮನೆ ನಿಂತವರಲ್ಲಿ ನಾನೂ ಒಬ್ಬಳು. ವಿಮೆನ್ ಇನ್ ಬ್ಲ್ಯಾಕ್ ಅಂತ. ಇದನ್ನು ಮೊದಲು ಮಾಡಿದ್ದು ಜೆರುಸಲೇಮಿನ ಯಹೂದಿ ಹೆಂಗಸರು, 1988ರಲ್ಲಿ. ಪ್ಯಾಲೆಸ್ಟೀನಿಯರ ಮೇಲೆ ತಮ್ಮದೇ ಸರ್ಕಾರ ಮಾಡುತ್ತಿದ್ದದ್ದು ಬೇಡ ಅಂತ ಪ್ರತಿ ಶುಕ್ರವಾರ ಒಂದು ಸರ್ಕಲ್‌ನಲ್ಲಿ ನಿಲ್ಲುತ್ತಿದ್ದರು. ಬೈಗುಳ ತಿನ್ನುತ್ತಿದ್ದರು, ತಿರುಗಿ ಬೈಯುತ್ತಿರಲಿಲ್ಲ. ಇಲ್ಲಿ ಅದನ್ನು ತಂದಿದ್ದು ವಿಮೋಚನಾ ಅನ್ನುವ ಬೆಂಗಳೂರಿನ ಮಹಿಳಾ ಸಂಘಟನೆಯವರು. ನಾವು ಯುದ್ಧಕ್ಕೂ ನಿಂತಿದ್ದೇವೆ, ಕೋಮುಗಲಭೆಗೂ ನಿಂತಿದ್ದೇವೆ, ಸೀಮೆಎಣ್ಣೆ ಸುರಿದು ಸುಟ್ಟ ಸೊಸೆಯಂದಿರಿಗೂ ನಿಂತಿದ್ದೇವೆ. ಆಗ ಬೆಂಗಳೂರಲ್ಲಿ ಎಲ್ಲವನ್ನೂ "ಸ್ಟವ್ ಸಿಡಿಯಿತು" ಅಂತ ಬರೆದು ಮುಗಿಸುತ್ತಿದ್ದರು.

ಘೋಷಣೆ ಇಲ್ಲ, ಮೈಕ್ ಇಲ್ಲ, ಒಂದು ಗಂಟೆ ಅಷ್ಟೇ. ಮೊದಲ ಹತ್ತು ನಿಮಿಷ ತುಂಬಾ ಕಷ್ಟ. ಕೈ ಎಲ್ಲಿ ಇಡಬೇಕು ಗೊತ್ತಾಗಲ್ಲ. ಬಸ್ಸಿನ ಕಿಟಕಿಯಿಂದ ಗುರುತಿನವರು ನೋಡಿಬಿಟ್ಟರೆ ಅಂತ ಭಯ. ನಾವು ನಿಲ್ಲುತ್ತಿದ್ದ ಕಡೆ ಒಬ್ಬ ಬಾಳೆಹಣ್ಣಿನ ಗಾಡಿಯವನಿದ್ದ. ಶುರುವಲ್ಲಿ ವ್ಯಾಪಾರ ಹಾಳಾಯಿತು ಅಂತ ಗೊಣಗುತ್ತಿದ್ದ. ಕೆಲವು ತಿಂಗಳಾದ ಮೇಲೆ ನಾವು ಬರುವ ಹೊತ್ತಿಗೆ ಗಾಡಿ ನಾಲ್ಕಡಿ ಸರಿಸಿ ಇಟ್ಟಿರುತ್ತಿದ್ದ. ಹತ್ತಿರ ಬಂದು ಮೆಲ್ಲಗೆ "ಇವತ್ತು ಯಾರಿಗಮ್ಮ?" ಅಂತ ಕೇಳುತ್ತಿದ್ದ. ಹೇಳುತ್ತಿದ್ದೆವು. ಬೋಸ್ನಿಯಾ ಅಂದರೆ ಏನು ಅಂತ ಅವನಿಗೆ ಹೇಳಲು ನಾನು ಮೊದಲು ಓದಿಕೊಳ್ಳಬೇಕಾಯಿತು.

ಅರ್ಜೆಂಟೀನಾದ ತಾಯಂದಿರ ವಿಷಯ ಕೇಳಿದ್ದೀರಾ? 1977ರ ಏಪ್ರಿಲ್ 30, ಬ್ಯೂನಸ್ ಐರಿಸ್‌ನ ಪ್ಲಾಜಾ ದೆ ಮಾಯೋ ಅನ್ನುವ ಚೌಕ. ಮಿಲಿಟರಿ ಎತ್ತಿಕೊಂಡು ಹೋದ ಮಕ್ಕಳು ಎಲ್ಲಿ ಅಂತ ಕೇಳಲು ಹದಿನಾಲ್ಕು ಜನ ಬಂದಿದ್ದರು. ನಿಮಗಿಂತ ಮೂರು ಕಡಿಮೆ. ಗುಂಪಾಗಿ ನಿಲ್ಲುವಂತಿಲ್ಲ, ನಡೀರಿ ನಡೀರಿ ಅಂತ ಪೊಲೀಸರು ಗದರಿದರು. ಸರಿ ಅಂತ ನಡೆದರು, ಇಬ್ಬಿಬ್ಬರಾಗಿ, ಮಧ್ಯದ ಸ್ತಂಭದ ಸುತ್ತ. ಆಮೇಲೆ ಪ್ರತಿ ಗುರುವಾರ. ತಲೆಗೆ ಕಟ್ಟಿದ್ದು ಬಿಳಿ ಬಟ್ಟೆ, ಮೊದಲಿಗೆ ಅದು ಮಗುವಿಗೆ ಕಟ್ಟುವ ಲಂಗೋಟಿ ಬಟ್ಟೆ. ಅದೇ ವರ್ಷ ಡಿಸೆಂಬರಿನಲ್ಲಿ ಮುಂದಾಳು ಅಸುಸೇನಾ ವಿಜಾಫ್ಲೋರ್ ಅವರನ್ನೇ ಎತ್ತಿಕೊಂಡು ಹೋದರು. ಅವರ ಮೂಳೆ ಗುರುತು ಸಿಕ್ಕಿದ್ದು 2005ರಲ್ಲಿ. ಮಿಕ್ಕವರು ಮುಂದಿನ ಗುರುವಾರವೂ ಬಂದರು. ಸರ್ವಾಧಿಕಾರ 1983ರಲ್ಲಿ ಹೋಯಿತು. ಅವರು ನಡೆದದ್ದರಿಂದಲೇ ಹೋಯಿತು ಅಂತ ನಾನು ಹೇಳಲ್ಲ. ಆದರೆ ಆ ಮಕ್ಕಳು ಹುಟ್ಟೇ ಇರಲಿಲ್ಲ ಎನ್ನುವ ಹಾಗೆ ಮಾಡಲು ಮಿಲಿಟರಿಗೆ ಆಗಲಿಲ್ಲ.

ಈಗ ಆ ಕೊನೆ ಸಾಲು. 1991ರ ಅಕ್ಟೋಬರಿನಿಂದ ಬೆಲ್‌ಗ್ರೇಡ್‌ನಲ್ಲಿ ಕಪ್ಪುಟ್ಟು ನಿಂತ ಹೆಂಗಸರು ಸರ್ಬಿಯಾದವರೇ. ಬೋಸ್ನಿಯಾದ ಸ್ರೆಬ್ರೆನಿಟ್ಸಾ ಊರಲ್ಲಿ 1995ರ ಜುಲೈನಲ್ಲಿ ತಮ್ಮ ಕಡೆಯ ಪಡೆ ಎಂಟು ಸಾವಿರಕ್ಕೂ ಹೆಚ್ಚು ಗಂಡಸರು, ಹುಡುಗರನ್ನು ಕೊಂದಿತಲ್ಲ, ಅದಕ್ಕೆ ಇವತ್ತಿಗೂ ತಮ್ಮ ಊರಿನ ಮಧ್ಯೆಯೇ ನಿಲ್ಲುತ್ತಾರೆ. ದ್ರೋಹಿಗಳು ಅನ್ನಿಸಿಕೊಳ್ಳುತ್ತಾರೆ. ಹತ್ತಿರದ್ದಕ್ಕೆ ನಿಲ್ಲೋದು ಜಾಸ್ತಿ ಕಷ್ಟ, ಒಪ್ಪುತ್ತೇನೆ. ಆದರೆ ದೂರದ್ದಕ್ಕೆ ನಿಂತು ಕಾಲು ಗಟ್ಟಿ ಮಾಡಿಕೊಂಡವರೇ ನಮ್ಮಲ್ಲಿ ಹತ್ತಿರದ್ದಕ್ಕೂ ಬಂದದ್ದು. ಯಾವುದಕ್ಕೂ ಬರದವರು ಮಣಿಪುರಕ್ಕೂ ಬರಲಿಲ್ಲ ಸ್ವಾಮಿ.

ಕಪ್ಪುಕೋಟು:

ಎರಡನೇ ಪ್ರಶ್ನೆಗೆ. ಆಯುಧ ಇಲ್ಲದೆ ಶಾಂತವಾಗಿ ಸೇರುವ ಹಕ್ಕು ಸಂವಿಧಾನದ 19(1)(ಬಿ)ಯಲ್ಲಿದೆ, ಅದರ ಮೇಲೆ ಸರ್ಕಾರ ನ್ಯಾಯವಾದ ಮಿತಿ ಹಾಕಬಹುದು. ರಸ್ತೆಯಲ್ಲಿ ಸಭೆಯೇ ಬೇಡ ಅಂತ ಪೂರ್ತಿ ಬಾಗಿಲು ಹಾಕುವಂತಿಲ್ಲ, ನಿಯಮ ಮಾಡಬಹುದು ಅಷ್ಟೇ ಅಂತ ಸುಪ್ರೀಂ ಕೋರ್ಟ್ 1972ರಲ್ಲೇ ಹಿಮ್ಮತ್‌ಲಾಲ್ ಶಾ ಕೇಸಿನಲ್ಲಿ ಹೇಳಿದೆ. ಓದಲು ಚೆನ್ನಾಗಿದೆ. ಆದರೆ ಬೆಂಗಳೂರಿಗೆ 2021ರ ಒಂದು ಆದೇಶ ಇದೆ, ಪ್ರತಿಭಟನೆ ಏನಿದ್ದರೂ ಫ್ರೀಡಂ ಪಾರ್ಕಿನಲ್ಲೇ, ಅದೂ ಪೊಲೀಸರ ಅನುಮತಿ ಪಡೆದು. ಮೊದಲು ಟೌನ್ ಹಾಲ್ ಮೆಟ್ಟಿಲ ಮೇಲೆ, ಮೈಸೂರು ಬ್ಯಾಂಕ್ ಸರ್ಕಲ್‌ನಲ್ಲಿ ನಿಲ್ಲುತ್ತಿದ್ದೆವು. ಈಗ ಅಲ್ಲಿ ನಾಲ್ಕು ಜನ ಬೋರ್ಡು ಹಿಡಿದರೆ ಕೇಸು ಬೀಳಬಹುದು. ಆ ಹುಡುಗಿ ವಿದ್ಯಾರ್ಥಿ ವೀಸಾದಲ್ಲಿ ಇದ್ದಾಳೆ ಅನ್ನೋದು ಮರೆಯಬೇಡಿ. ನಿಮಗೆ ಕೇಸು ಬಿದ್ದರೆ ಕೋರ್ಟಿಗೆ ಅಲೆದಾಟ. ಅವಳಿಗೆ ಬಿದ್ದರೆ ವಾಪಸ್ ಹೋಗಬೇಕಾಗಬಹುದು. ಎಲ್ಲಿಗೆ ಹೋಗ್ತಾಳೆ? ಅರ್ಜಿಯಲ್ಲಿ ಅವಳ ಹೆಸರು ಹಾಕಲೇಬೇಡಿ. ಪಾರ್ಕಿಗೆ ಬರೋದಕ್ಕೂ ಮೊದಲು ಒಮ್ಮೆ ಯಾರಾದರೂ ವಕೀಲರನ್ನು ಕೇಳಿಕೊಳ್ಳಲಿ.

ಸುಮ್ನೆ ಒಂದು ಮಾತು. ಫ್ರೀಡಂ ಪಾರ್ಕ್ ಅಂದರೆ ಹಳೇ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ನಟಿ ಸ್ನೇಹಲತಾ ರೆಡ್ಡಿಯವರನ್ನು ಇಟ್ಟಿದ್ದು ಅಲ್ಲೇ. ಆಸ್ತಮಾ ಇತ್ತು, ಒಳಗೆ ಸರಿಯಾಗಿ ಔಷಧಿ ಸಿಗಲಿಲ್ಲ. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು, ಐದು ದಿನಕ್ಕೆ ತೀರಿಕೊಂಡರು. ಈಗ ಪ್ರತಿಭಟನೆಗೆ ಅದೇ ಕಾಂಪೌಂಡು. ಯಾರಿಗೆ ಹೊಳೆಯಿತೋ ಈ ಐಡಿಯಾ.

ಹುಣಸೂರು ಕಡೆಯವ:

ಸುಡಾನ್ ಎಲ್ಲಿದೆ ಅಂತ ನಿಮ್ಮ ಚಿಕ್ಕಪ್ಪನಿಗೆ ಗೊತ್ತಿಲ್ಲದಿದ್ದರೆ ಹುಣಸೂರಿಗೆ ಕಳಿಸಿ. ನಮ್ಮ ಪಕ್ಷಿರಾಜಪುರದಲ್ಲಿ ಯಾವ ಮನೆಯಲ್ಲಿ ಬೇಕಾದರೂ ಹೇಳುತ್ತಾರೆ. ಹಕ್ಕಿಪಿಕ್ಕಿ ಜನ ತಲೆಗೆ ಹಚ್ಚುವ ಎಣ್ಣೆ, ನಾರುಬೇರಿನ ಔಷಧಿ ಮಾರಲು ಆಫ್ರಿಕಾ ತನಕ ಹೋಗುತ್ತಾರೆ. 2023ರ ಏಪ್ರಿಲ್ 15ಕ್ಕೆ ಅಲ್ಲಿ ಯುದ್ಧ ಶುರುವಾದಾಗ ನಮ್ಮ ರಾಜ್ಯದ ಹಕ್ಕಿಪಿಕ್ಕಿಗಳು ಮೂವತ್ತೊಂದು ಜನ ಸಿಕ್ಕಿಹಾಕಿಕೊಂಡಿದ್ದಾರೆ ಅಂತ ಪೇಪರಿನಲ್ಲಿ ಬಂತಲ್ಲ, ಅವರು ಇದ್ದ ಊರು ಯಾವುದು ಗೊತ್ತಾ? ಇದೇ ಎಲ್ ಫಾಶರ್.

ಆಗ ನಮ್ಮಲ್ಲಿ ವಿಧಾನಸಭೆ ಚುನಾವಣೆ. ಇವರನ್ನು ಕರೆತರೋ ವಿಷಯಕ್ಕೆ ಟ್ವಿಟರಿನಲ್ಲಿ ದೊಡ್ಡ ರಾಜಕಾರಣಿಗಳ ಜಗಳ. ಇಲ್ಲಿ ಹಟ್ಟಿಯಲ್ಲಿ ಹೆಂಗಸರು ಒಂದೇ ಫೋನಿನ ಸುತ್ತ ಕೂತಿರುತ್ತಿದ್ದರು. ಚಾರ್ಜ್ ಮುಗಿದುಬಿಟ್ಟರೆ ಅಂತ ವೈರಿನಿಂದ ತೆಗೆಯುತ್ತಲೇ ಇರಲಿಲ್ಲ. ಆಮೇಲೆ ಆಪರೇಷನ್ ಕಾವೇರಿ, ಅಂದರೆ ನಮ್ಮ ಸರ್ಕಾರ ಅಲ್ಲಿದ್ದ ಭಾರತೀಯರನ್ನು ಕರೆತಂದ ಕಾರ್ಯಾಚರಣೆ. ಪೋರ್ಟ್ ಸುಡಾನ್‌ವರೆಗೆ ಬಸ್ಸು, ಅಲ್ಲಿಂದ ಸೌದಿಯ ಜೆಡ್ಡಾ, ಅಲ್ಲಿಂದ ವಿಮಾನ. ದೇಶದ ಆ ತುದಿಯಿಂದ ಈ ತುದಿಗೆ ದಾರಿ. ವಾಪಸ್ ಬಂದ ಒಬ್ಬರು ನನಗೆ ಹೇಳಿದ್ದು ನೆನಪಿದೆ. ಗುಂಡಿನ ಸದ್ದು ಶುರುವಾದ ಮೇಲೆ ಮನೆ ಮಾಲೀಕ ಬಾಡಿಗೆ ಕೇಳಲಿಲ್ಲವಂತೆ. ದಿನಾ ಒಂದು ಕೊಡ ನೀರು, ಒಂದು ಸೇರಿನಷ್ಟು ಜೋಳದ ಹಿಟ್ಟು ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದನಂತೆ. "ನಮ್ಮನ್ನ ಕರ್ಕೊಂಡು ಬರೋಕೆ ವಿಮಾನ ಬಂತು, ಅವನಿಗೆ ಯಾರೂ ಬರಲಿಲ್ಲ" ಅಂದರು.

ಆ ಮಾಲೀಕ ಈಗ ಇದ್ದಾನೋ ಇಲ್ಲವೋ. ನೀವು ನಿಲ್ಲುವ ದಿನ ಹೇಳಿ, ಇಲ್ಲಿಂದ ಇಬ್ಬರು ಮೂವರನ್ನು ಕೇಳಿ ನೋಡುತ್ತೇನೆ. ಬಸ್ ಚಾರ್ಜ್ ನನ್ನದು.

ಸಾಕಪ್ಪಾಸಾಕು:

ಹಕ್ಕಿಪಿಕ್ಕಿ ವಿಷಯ ಓದಿದ್ದೆ, ಊರಿನ ಹೆಸರು ಗಮನಿಸಿರಲಿಲ್ಲ. ಸರಿ, ಒಂದು ಪಾಯಿಂಟ್ ಕೊಟ್ಟೆ.

ಆದರೆ ಬೆಲ್‌ಗ್ರೇಡ್ ಹೋಲಿಕೆ ಕೂರಲ್ಲ. ಅವರು ತಮ್ಮ ಸರ್ಕಾರಕ್ಕೆ ಬೇಡ ಅಂದರು, ಸರ್ಕಾರಕ್ಕೆ ಅದು ಚುಚ್ಚಿತು. ಸುಡಾನಿನ ಯುದ್ಧದಲ್ಲಿ ನಮ್ಮ ಕೈ ಏನಿದೆ? ನೀವು ಬೇಡ ಅಂದರೆ ಯಾರಿಗೆ ಚುಚ್ಚಬೇಕು?

ನಗರ್ತಪೇಟೆ ಲೆಕ್ಕ:

ನಾನು ಚಿನ್ನದಂಗಡಿಯಲ್ಲಿ ಲೆಕ್ಕ ಬರೆಯುವವನು. ಇಲ್ಲಿ ಸಾಮಾನ್ಯವಾಗಿ ಓದುತ್ತೇನೆ, ಬರೆಯಲ್ಲ. ಆದರೆ "ನಮ್ಮ ಕೈ ಏನಿದೆ" ಅಂತ ಕೇಳಿದಿರಲ್ಲ.

ಸುಡಾನಿನಲ್ಲಿ ಎರಡೂ ಕಡೆಯವರ ಯುದ್ಧ ನಡೆಯುತ್ತಿರುವುದು ಬಹುಪಾಲು ಚಿನ್ನದ ದುಡ್ಡಿನಲ್ಲಿ. ಅಲ್ಲಿನ ಚಿನ್ನ ಹೆಚ್ಚಾಗಿ ಹೋಗುವುದು ಯುಎಇಗೆ, ಸ್ವಲ್ಪ ಲೆಕ್ಕ ತೋರಿಸಿ, ಬಹಳಷ್ಟು ಕದ್ದು. ಆರ್‌ಎಸ್‌ಎಫ್‌ಗೆ ಆಯುಧ ಹೋಗುವುದೂ ಆ ಕಡೆಯಿಂದಲೇ ಅನ್ನುವ ಆರೋಪ ಇದೆ, ಅವರು ಇಲ್ಲ ಅನ್ನುತ್ತಾರೆ. ನಮ್ಮ ದೇಶಕ್ಕೆ ಚಿನ್ನ ಕಳಿಸುವ ದೇಶಗಳ ಪಟ್ಟಿಯಲ್ಲಿ ಯುಎಇ ಮುಂದಿನ ಸಾಲಿನಲ್ಲೇ ಇದೆ. ಗಟ್ಟಿಯ ಮೇಲೆ ಕರಗಿಸಿದವನ ಮುದ್ರೆ ಇರುತ್ತದೆ, ಅಗೆದ ಊರಿನ ಹೆಸರು ಇರಲ್ಲ. ಒಂದು ಸಲ ಕರಗಿದ ಮೇಲೆ ಚಿನ್ನಕ್ಕೆ ಊರಿಲ್ಲ. ಹಾಗಾಗಿ ನಮ್ಮ ಅಂಗಡಿಯಲ್ಲಿ ಇರುವುದು ಅಲ್ಲಿಯದೇ ಅಂತ ಹೇಳಲೂ ಆಗಲ್ಲ, ಅಲ್ಲ ಅಂತ ಹೇಳಲೂ ಆಗಲ್ಲ. ಅಕ್ಷಯ ತೃತೀಯ ದಿನ ಸಾಲು ನಿಲ್ಲುವ ಗಿರಾಕಿಗಳಲ್ಲಿ ಒಬ್ಬರಾದರೂ ಇದು ಎಲ್ಲಿಂದ ಬಂತು ಅಂತ ಕೇಳಿದ್ದು ನಾನು ಕಂಡಿಲ್ಲ. ವೇಸ್ಟೇಜ್ ಎಷ್ಟು ಅಂತ ಕೇಳುತ್ತಾರೆ. ಹದಿನೇಳು ಜನ ಅದನ್ನು ಕೇಳಿದರೆ ಮಾಲೀಕರಿಗೆ ಚುಚ್ಚುತ್ತೆ, ಖಂಡಿತ.

ಇದು ನನ್ನ ಕೆಲಸಕ್ಕೆ ಒಳ್ಳೇದಲ್ಲ. ಇಷ್ಟೇ ಸಾಕು.

ರಾತ್ರಿಪಾಳಿ ನರ್ಸ್:

ಎಲ್ಲರೂ ನಿಲ್ಲೋದರ ಬಗ್ಗೆಯೇ ಮಾತಾಡುತ್ತಿದ್ದೀರಿ. ಆ ಹುಡುಗಿಯ ದೊಡ್ಡಮ್ಮನನ್ನು ಹುಡುಕೋದು? ರೆಡ್‌ಕ್ರಾಸ್‌ನವರದ್ದು ಒಂದು ವ್ಯವಸ್ಥೆ ಇದೆ, ಯುದ್ಧದಲ್ಲಿ ಬೇರೆಯಾದ ಕುಟುಂಬದವರನ್ನು ಹುಡುಕಿಕೊಡೋದು. ದುಡ್ಡು ಕೊಡಬೇಕಾಗಿಲ್ಲ. ಅವರ ದೆಹಲಿ ಕಚೇರಿಗೆ ಬರೆಯಬಹುದು. ಪೂರ್ತಿ ಹೆಸರು, ಅಪ್ಪನ ಹೆಸರು, ಕೊನೆಗೆ ಎಲ್ಲಿ ಯಾವಾಗ ಮಾತಾಡಿದ್ದು, ಇದೆಲ್ಲ ಈಗಲೇ ಒಂದು ಹಾಳೆಯಲ್ಲಿ ಬರೆದಿಡಿ, ಆರು ತಿಂಗಳಾದರೆ ತಾರೀಖು ಮರೆತುಹೋಗುತ್ತೆ. ಎಲ್ ಫಾಶರ್‌ನಿಂದ ತಪ್ಪಿಸಿಕೊಂಡವರು ತುಂಬಾ ಜನ ತವೀಲಾ ಅನ್ನುವ ಊರಿಗೆ ನಡೆದುಕೊಂಡು ಹೋಗಿದ್ದಾರೆ, ಅರವತ್ತು ಕಿಲೋಮೀಟರ್ ಆಗುತ್ತೆ. ಯುದ್ಧದ ಕಡೆ ಚಿಕಿತ್ಸೆ ಕೊಡುವ ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆಯವರು ಅಲ್ಲಿ ಇದ್ದಾರೆ. ದುಡ್ಡು ಕೊಡುವ ಮನಸ್ಸಿದ್ದರೆ ಅಂಥ ಕಡೆ ನೇರವಾಗಿ ಕೊಡಿ, ವಾಟ್ಸಾಪಿನಲ್ಲಿ ಬರುವ ಕ್ಯೂಆರ್ ಕೋಡಿಗೆ ಬೇಡ.

ಮತ್ತೆ ವಿಡಿಯೋ. ಅಲ್ಲಿ ಕೊಲ್ಲುವವರೇ ಫೋನಿನಲ್ಲಿ ತೆಗೆದು ಹಾಕಿದ ವಿಡಿಯೋಗಳು ಓಡಾಡುತ್ತಿವೆ. ಅದರ ಜೊತೆ ಎಐನಲ್ಲಿ ಮಾಡಿದವು, ಬೇರೆ ದೇಶದವು ಸೇರಿಕೊಂಡಿವೆ. ಎಲ್ ಫಾಶರ್‌ನ ಸೌದಿ ಹೆರಿಗೆ ಆಸ್ಪತ್ರೆಯಲ್ಲಿ 460ಕ್ಕೂ ಹೆಚ್ಚು ಜನರನ್ನು ಕೊಂದರು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ, ಅದನ್ನು ನಂಬಿಸಲು ಸುಳ್ಳು ಫೋಟೋ ಬೇಕಾ? ಒಂದು ಸುಳ್ಳು ಸಿಕ್ಕಿಬಿದ್ದರೆ ನಿಮ್ಮ ಚಿಕ್ಕಪ್ಪನಂಥವರಿಗೆ ಉಳಿದ ನಿಜವೆಲ್ಲ ಸುಳ್ಳಾಗಿಬಿಡುತ್ತೆ. ದೊಡ್ಡಮ್ಮನ ಫೋಟೋ, ಹೆಸರು ಎಲ್ಲೂ ಹಾಕಬೇಡಿ. ಅವರು ಇನ್ನೂ ಆ ಊರಲ್ಲೇ ಇದ್ದರೆ ಅದೇ ಅಪಾಯ.

ನೀಲಿಛತ್ರಿ:

ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ರೆಡ್‌ಕ್ರಾಸ್ ಕೆಲಸ ನಿನ್ನೆ ರಾತ್ರಿಯೇ ಕೂತು ಮಾಡಿದೆವು. ದೊಡ್ಡಮ್ಮನ ಹುಟ್ಟಿದ ವರ್ಷ ಅವಳಿಗೆ ಗೊತ್ತಿರಲಿಲ್ಲ. "ಬರಗಾಲದ ಹಿಂದಿನ ವರ್ಷ ಅಂತ ಅಮ್ಮ ಹೇಳೋರು" ಅಂದಳು. ನಮ್ಮಜ್ಜಿ ವಯಸ್ಸನ್ನೂ ಹೀಗೇ ಲೆಕ್ಕ ಹಾಕಿದ್ದು ಅಂತ ಅಮ್ಮ ಪಕ್ಕದಲ್ಲಿ ಕೂತು ಹೇಳುತ್ತಿದ್ದರು. ಕಪ್ಪುಕೋಟು ಅವರೇ, ವೀಸಾ ವಿಷಯ ನನ್ನ ತಲೆಗೆ ಬಂದೇ ಇರಲಿಲ್ಲ, ನಾಚಿಕೆಯಾಯಿತು. ಮುಂದಿನ ಸಲ ಅರ್ಜಿ ನನ್ನ ಹೆಸರಲ್ಲಿ, ಅವಳು ಮನೆಯಲ್ಲಿ. ಹುಣಸೂರಿನವರೇ, ತಿಂಗಳ ಕೊನೇ ಭಾನುವಾರ, ಅನುಮತಿ ಸಿಕ್ಕ ಮೇಲೆ ಇಲ್ಲೇ ಹಾಕುತ್ತೇನೆ. ಚಿನ್ನದ ವಿಷಯ ಚಿಕ್ಕಪ್ಪನಿಗೆ ಓದಿಸಿದೆ, ಅವರ ಮಗಳ ಮದುವೆ ಫೆಬ್ರವರಿಯಲ್ಲಿ. ಏನೂ ಮಾತಾಡಲಿಲ್ಲ, ಎದ್ದು ಹೋದರು.

ಗುರುವಾರದವಳು ಅಮ್ಮ, ನಿಮಗೆ ಒಂದು ಪ್ರಶ್ನೆ. ನಮ್ಮಮ್ಮ ನಾನೂ ಬರುತ್ತೇನೆ ಅಂತ ಕೂತಿದ್ದಾರೆ. ಆದರೆ ನಮ್ಮನೆಯಲ್ಲಿ ಕಪ್ಪು ಸೀರೆ ಉಡಲ್ಲ, ಒಂದೂ ಇಲ್ಲ. ಇಡೀ ಬೀರು ಹುಡುಕಿ ಒಂದು ನೇರಳೆ ಬಣ್ಣದ್ದು ತೆಗೆದಿಟ್ಟಿದ್ದಾರೆ, ಕತ್ತಲಲ್ಲಿ ಕಪ್ಪು ಥರಾನೇ ಕಾಣುತ್ತೆ ಅಂತ ವಾದ. ನಡೆಯುತ್ತಾ?

ಗುರುವಾರದವಳು:

ನಡೆಯುತ್ತೆ. ಮಂಡಿ ನೋವಿದ್ದರೆ ಮಡಚುವ ಸ್ಟೂಲ್ ತನ್ನಿ, ನನ್ನ ಹತ್ತಿರವೂ ಒಂದಿದೆ. ಬೋರ್ಡಿಗೆ ಸ್ಕೆಚ್ ಪೆನ್ ಬೇಡ, ಪರ್ಮನೆಂಟ್ ಮಾರ್ಕರ್, ಮೇಲೆ ಪ್ಲಾಸ್ಟಿಕ್ ಕವರ್. ಕನ್ನಡದಲ್ಲೇ ಬರೆಯಿರಿ, ದೊಡ್ಡದಾಗಿ.

ನೀಲಿಛತ್ರಿ:

ಸರಿ ಅಮ್ಮ. ಊರಿನ ಹೆಸರು ಎಲ್ ಫಾಶರ್ ಅಂತಾನಾ, ಅಲ್ ಫಾಶಿರ್ ಅಂತಾನಾ, ಪೇಪರುಗಳಲ್ಲಿ ಒಂದೊಂದು ಥರ ಇದೆ. ಅವಳ ಬಾಯಲ್ಲಿ ಕೇಳಿಕೊಂಡೇ ಬರೆಯುತ್ತೇನೆ. ಈಗ ಬೇಡ, ಮೂರು ದಿನದ ಮೇಲೆ ಇವತ್ತು ಮಲಗಿದ್ದಾಳೆ.